ಸುಳ್ಳುಗಾರನ ಕಂಕಣ

5 ಮಾರ್ಚ್ 1936, ಗುರುವಾರ

ಮಾರಿಯಮ್ಮನ ಗುಡಿಯ ಮುಂದೆ ಊರಿನವರ ನಾಟಕದ ತಾಲೀಮು ನೋಡಿ ಬಂದೆ. ಹೋಗಬಾರದಿತ್ತು. ಇಪ್ಪತ್ತು ವರ್ಷ ಮೈಸೂರು ಸೀಮೆಯ ನಾಟಕದ ಕಂಪನಿಯಲ್ಲಿ ಮಾಂತ್ರಿಕ, ಕಪಟ ಸನ್ಯಾಸಿ, ದ್ರೋಹಿ ಮಂತ್ರಿಗಳ ಪಾತ್ರ ಮಾಡಿದವನು ನಾನು. ನನ್ನಂಥವನು ಇದನ್ನು ನೋಡುವುದೆಂದರೆ ಅಡುಗೆ ಭಟ್ಟನಿಗೆ ಸೀದ ಅನ್ನ ಬಡಿಸಿದ ಹಾಗೆ.

ಆಟದ ಹೆಸರು 'ಏಳು ಕೋಟೆಯ ರಾಜ'. ಹಾರುವ ಕಲ್ಲುಕುದುರೆ ಇದೆ, ಬೆಂಕಿಯ ಹೊಳೆ ಇದೆ, ಕನ್ನಡಿಯೊಳಗೆ ಅಡಗಿ ಕೂತ ರಾಕ್ಷಸರ ದಂಡು ಇದೆ. ಅದನ್ನೆಲ್ಲ ನಂಬಬಹುದು. ನಂಬಲಾಗದ್ದು ಕುಹಕಾಂಗನೆಂಬ ಮಂತ್ರಿಯನ್ನು. ಇವನು ರಾಜನಿಗೆ ಸುಳ್ಳು ಹೇಳುವ ಮೊದಲು ಹಹ್ಹಹ್ಹಾ ಎಂದು ನಗುತ್ತಾನೆ. ಮೀಸೆ ತಿರುವುತ್ತಾನೆ. ಜನರ ಕಡೆ ತಿರುಗಿ 'ನೋಡಿ, ಈಗ ಇವನಿಗೆ ಟೋಪಿ ಹಾಕುತ್ತೇನೆ' ಅನ್ನುತ್ತಾನೆ. ಆಮೇಲೆ, ನಿನ್ನ ರಾಣಿ ಮನುಷ್ಯಳಲ್ಲ ಸರ್ಪಿಣಿ ಎಂದರೆ ರಾಜ ಹೌದೇ ಎಂದು ಅಳುತ್ತಾನೆ. ಇಂಥ ಕಥೆಗಳಲ್ಲಿ ಖಳನ ಜಾಣತನಕ್ಕಿಂತ ರಾಜನ ದಡ್ಡತನವೇ ದೊಡ್ಡದು.

ಮಂತ್ರಿಯ ಪಾತ್ರ ದಾಸಪ್ಪನದು. ಕುರಿ ಮೇಯಿಸುವವನು. ಪ್ರತಿ ವರ್ಷವೂ ಅವನೇ. ಯಾಕೆಂದು ಅಕ್ಕನನ್ನು ಕೇಳಿದೆ. ಈ ಊರಲ್ಲಿ ಒಂದು ಕಟ್ಟಳೆ ಇದೆಯಂತೆ. ಕುಹಕಾಂಗನ ವೇಷ ಹಾಕುವವನು ಹಬ್ಬ ಮುಗಿಯುವ ತನಕ ಅಮ್ಮನ ಅರಿಸಿನದ ಕಂಕಣ ಕಟ್ಟಿಕೊಳ್ಳಬೇಕು, ಕಂಕಣ ಇರುವವರೆಗೆ ಒಂದು ಸುಳ್ಳೂ ಆಡಬಾರದು. ಆಡಿದರೆ ಊರಿಗೇ ಅಮ್ಮ ಬರುತ್ತಾಳೆ, ಮನೆ ಮನೆಗೂ ಸಿಡುಬು. ಒಂದು ತಿಂಗಳು ಸುಳ್ಳಿಲ್ಲದೆ ಸಂಸಾರ ನಡೆಸುವುದು ಯಾರಿಂದ ಆದೀತು? ಎಲ್ಲರೂ ಹಿಂದೆ ಸರಿದು, ಮುಚ್ಚಿಡಲು ಏನೂ ಇಲ್ಲದ ದಾಸಪ್ಪನ ತಲೆಗೆ ಕಟ್ಟುತ್ತಾರೆ. ಸುಳ್ಳೇ ಬಾರದವನಿಗೆ ಸುಳ್ಳುಗಾರನ ಪಾತ್ರ! ಇವರ ಬುದ್ಧಿಗೆ ಏನೆನ್ನಲಿ.

ಅಕ್ಕ ಸೊಣ್ಣಮ್ಮ ಗಂಡ ಸತ್ತವಳು. ನನ್ನ ಗಂಟಲು ಕೆಟ್ಟು ಕಂಪನಿಯವರು ಬಿಟ್ಟ ಮೇಲೆ ಇವಳ ಮನೆಯೇ ಗತಿಯಾಗಿದೆ. ಮಗಳು ರಾಜಾತಿಗೆ ಹತ್ತೊಂಬತ್ತು. ಸೋದರಮಾವನಾದ ನಾನೇ ಕಟ್ಟಿಕೊಳ್ಳಬೇಕಿತ್ತೆಂದು ಊರಿನ ಮುದುಕಿಯರು ಅನ್ನುತ್ತಾರೆ. ನನಗೆ ಐವತ್ತಮೂರು. ಮುದುಕಿಯರಿಗೆ ಲೆಕ್ಕ ಬರುವುದಿಲ್ಲ.

ಓಮಲೂರಿನಿಂದ ಒಂದು ಸಂಬಂಧ ಬಂದಿದೆ. ಹುಡುಗ ಬಸ್ಸಿನಲ್ಲಿ ಕಂಡಕ್ಟರು. ಆದರೆ ರಾಜಾತಿಗೆ ಮೂರ್ಛೆ ರೋಗ. ಎರಡು ಮೂರು ತಿಂಗಳಿಗೊಮ್ಮೆ ಬೀಳುತ್ತಾಳೆ, ಇದುವರೆಗೆ ಬಹುಪಾಲು ಮನೆಯೊಳಗೇ. ಒಮ್ಮೆ ಮಾತ್ರ ಕಡಲೆಕಾಯಿ ಹೊಲದಲ್ಲಿ ಬಿದ್ದಳು, ಬಿಸಿಲಿಗೆ ತಲೆ ತಿರುಗಿತು ಎಂದು ಅಕ್ಕ ಮುಚ್ಚಿದಳು. ಆ ಗಾಳಿಮಾತು ಈಗ ಓಮಲೂರಿನವರ ಕಿವಿಗೆ ಬಿದ್ದಿದೆ. ಬಂದು ಕೇಳುತ್ತಾರಂತೆ.

"ಏನಾರಾ ಮಾಡೋ ನಾರಪ್ಪ, ಇದೊಂದು ತಪ್ಪೋದ್ರೆ ಅವ್ಳ್ ಗತಿ ಏನು?" ಎಂದು ಅಕ್ಕ ಅತ್ತಳು.

ಊಟ ಮಾಡುವಾಗ ಹೊಳೆಯಿತು. ಕಂಕಣ ಕಟ್ಟಿದವನು ಆಡಿದ ಮಾತನ್ನು ಈ ಸುತ್ತಲಿನವರೆಲ್ಲ ಕಣ್ಣು ಮುಚ್ಚಿ ನಂಬುತ್ತಾರೆ. ಅಂಥ ಕಂಕಣವನ್ನು ಇಷ್ಟು ವರ್ಷ ಒಬ್ಬ ಕುರಿಯವನ ಕೈಯಲ್ಲಿ ದಂಡ ಮಾಡಿದ್ದಾರೆ.

7 ಮಾರ್ಚ್, ಶನಿವಾರ

ಕಂಕಣ ಕಟ್ಟಿಸಿಕೊಂಡೆ. ಊರ ಗೌಡ ದೊಡ್ಡಮುನಿಯಪ್ಪ ನಾನಾಗಿ ಕೇಳಿದ್ದಕ್ಕೆ ಬೆರಗಾದ. "ಕಂಪ್ನಿ ನಾಟ್ಕದ ಕೈ! ನಮ್ ಆಟಕ್ಕೆ ಕಳೆ ಬಂತು ಬುಡಿ" ಎಂದ. ಅಮ್ಮನ ಮುಂದೆ ನಿಂತು ಸುಳ್ಳಾಡುವುದಿಲ್ಲ ಎಂದು ಆಣೆ ಮಾಡಿದೆ. ಅದೇ ಮೊದಲ ಸುಳ್ಳು, ಸಲೀಸಾಗಿ ಬಂತು.

ದಾಸಪ್ಪ ಕಾಲಿಗೆ ಬೀಳುವುದೊಂದು ಬಾಕಿ. "ನಾರಪ್ಪಣ್ಣ, ಪ್ರತಿ ವರ್ಸ ಈ ತಿಂಗ್ಳು ಮೇಚೇರಿ ಸಂತೇಲಿ ನನ್ ಕುರಿ ವೋಗ್ತಿರ್ಲಿಲ್ಲ. ವಯಸ್ಸೆಷ್ಟು ಅಂತಾರೆ, ಏಳ್ಬಿಡ್ತೀನಿ. ಕೆಮ್ಮೈತಾ ಅಂತಾರೆ, ಐತೆ ಅಂತೀನಿ. ಯಾವನು ತಗಂತಾನೆ?" ಎಂದ. ಇವನು ಉಳಿದ ಹನ್ನೊಂದು ತಿಂಗಳು ಹೇಳುವ ಸುಳ್ಳನ್ನೂ ಕೇಳಿದ್ದೇನೆ. ಮಗು ಕೂಡ ನಗುತ್ತದೆ.

10 ಮಾರ್ಚ್, ಮಂಗಳವಾರ

ಒಳ್ಳೇ ಪೀಡೆ ಹತ್ತಿತು. ಬೆಳಗಾದರೆ ಜನ ಬರುತ್ತಾರೆ. ಕಂಕಣದವನ ಬಾಯಲ್ಲಿ ಕೇಳಬೇಕಂತೆ. ಒಬ್ಬಳು ಸೊಸೆಯ ಕೈ ಸಾರನ್ನು ಲೋಟದಲ್ಲಿ ತಂದು, ಇದು ಸಾರಾ ಎಂದು ತೀರ್ಪು ಕೇಳಿದಳು. ಕುಡಿದು ನೋಡಿದೆ. ಸಾರು ಚೆನ್ನಾಗಿತ್ತು. ಚೆನ್ನಾಗಿದೆ, ನಿನ್ನ ಸಾರಿಗಿಂತ ಚೆನ್ನಾಗಿದೆ ಎಂದೆ. ಮುಖ ಊದಿಸಿಕೊಂಡು ಹೋದಳು. ಸೊಸೆಗೆ ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿತ್ತೆಂದು ಕಾಣುತ್ತದೆ, ಸಂಜೆ ಒಂದು ಚೊಂಬು ಮಜ್ಜಿಗೆ ಕಳಿಸಿದಳು.

ಎಲ್ಲರಿಗೂ ನಿಜವನ್ನೇ ಹೇಳುತ್ತಿದ್ದೇನೆ. ಇದು ಭಕ್ತಿಯಲ್ಲ, ಬೇಸಾಯ. ಒಳ್ಳೆಯ ಸುಳ್ಳು ಬೆಳೆಯಬೇಕಾದರೆ ನೆಲಕ್ಕೆ ನಿಜದ ಗೊಬ್ಬರ ಹಾಕಬೇಕು. ಇದು ಕಥೆಯ ಖಳರಿಗೆ ತಿಳಿಯದು. ಮೊದಲ ದೃಶ್ಯದಿಂದಲೇ ಸುಳ್ಳು ಶುರು ಮಾಡುತ್ತಾರೆ, ಮಾತು ಮಾತಿಗೂ ಸುಳ್ಳು, ಹೆಂಡತಿಗೂ ಸುಳ್ಳು, ಕುದುರೆಗೂ ಸುಳ್ಳು. ಮೂರನೇ ಕೋಟೆಯ ಹೊತ್ತಿಗೆ ಕಾವಲು ನಾಯಿಗೂ ಅವರ ಮೇಲೆ ಅನುಮಾನ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಸಾವಿರ ಬೇಕೆಂದವನು ಕೆಲಸ ಬಾರದವನು. ಒಂದು ಸಾಕು, ಅದು ಸರಿಯಾದ ಹೊತ್ತಿಗೆ ಬೀಳಬೇಕು.

ಆಟವನ್ನು ತಿದ್ದಿ ಬರೆಯುತ್ತಿದ್ದೇನೆ. ನನ್ನ ಕುಹಕಾಂಗ ಆರು ಕೋಟೆಗಳವರೆಗೆ ರಾಜನಿಗೆ ನಿಜವನ್ನೇ ನುಡಿಯುತ್ತಾನೆ, ಕಹಿಯಾದರೂ ನುಡಿಯುತ್ತಾನೆ. ಏಳನೆಯದರಲ್ಲಿ ಒಂದೇ ಸುಳ್ಳು. ನಗುವುದಿಲ್ಲ. ಮೀಸೆ ಮುಟ್ಟುವುದಿಲ್ಲ.

ರಾಜಾತಿಗೂ ಒಂದು ಮಾತು ಹೇಳಿಸಬೇಕಾಯಿತು. ಹುಡುಗಿಯ ಮುಖದಲ್ಲಿ ಅಂಜಿಕೆ ಕಂಡರೆ ಆಟ ಕೆಡುತ್ತದೆ. 'ಅವರಿಗೆ ನಿನ್ನ ಕಾಯಿಲೆ ತಿಳಿಸಿದ್ದೇವೆ, ಒಪ್ಪಿದ್ದಾರೆ' ಎಂದು ಅಕ್ಕನಿಂದ ಹೇಳಿಸಿದೆ. ಹುಡುಗಿ ಅವತ್ತು ಹಾಡಿಕೊಂಡು ರಾಗಿ ಬೀಸಿದಳು. ಕೆಟ್ಟ ಕಂಠ.

15 ಮಾರ್ಚ್, ಭಾನುವಾರ

ರಾಜಾತಿಗೆ ಮತ್ತೆ ಬಂತು. ಅಡುಗೆ ಮನೆಯಲ್ಲಿ. ನಾನೇ ಹಿಡಿದೆ. ಒಲೆ ಒಂದು ಮಾರು ದೂರವಿತ್ತು. ಬರೆಯಲು ಮನಸ್ಸಿಲ್ಲ.

18 ಮಾರ್ಚ್, ಬುಧವಾರ

ರಾಜನ ಪಾತ್ರದ ಪೆರುಮಾಳ್ ನಾಲ್ಕು ಜನರ ಎದುರಿಗೆ ಜಂಭದಿಂದ ಕೇಳಿದ್ದ, ತನ್ನ ಹಾಡು ಹೇಗಿದೆ ಎಂದು. ಎಮ್ಮೆ ಕೆಸರಿನಿಂದ ಕಾಲು ಕಿತ್ತ ಹಾಗಿದೆ ಎಂದಿದ್ದೆ. ನಾಲ್ಕು ದಿನ ಮುಖ ತಿರುಗಿಸಿಕೊಂಡಿದ್ದವನು ಇವತ್ತು ಒಬ್ಬನೇ ಬಂದ.

"ನಮ್ಮೂರ್ನಾಗೆ ಎಲ್ರೂ ಬೇಸ್ ಬೇಸ್ ಅಂತಾರೆ ಅಣ್ಣ. ನಂಗೆ ಒಳ್ಗೊಳ್ಗೇ ಗೊತ್ತು, ಬರಲ್ಲ ಅಂತ. ನೀನೊಬ್ಬ ಏಳ್ದೆ. ಈಗ ಕಲ್ಸು."

ಕಲಿಸಿದೆ. ಮೂರ್ಖ, ಆದರೆ ಉಸಿರು ಚೆನ್ನಾಗಿದೆ. ಎರಡು ಸಾಲು ನೆಟ್ಟಗೆ ಬಂದಾಗ ಹುಡುಗನ ಹಾಗೆ ಕುಣಿದ.

ಆಮೇಲೆ ಪೆದ್ದಮ್ಮ ಎಂಬ ಮುದುಕಿ ಕೋಲೂರಿಕೊಂಡು ಬಂದಳು. ಸಿಂಗಾಪುರಕ್ಕೆ ಹೋದ ಅವಳ ಮಗ ಬರುತ್ತಾನೆಯೇ ಎಂದು ಕೇಳಿದಳು. ನನಗೆ ಗೊತ್ತಿಲ್ಲ, ಬರುವವನಾದರೆ ಇಷ್ಟು ಹೊತ್ತಿಗೆ ಒಂದು ಕಾಗದವಾದರೂ ಬರುತ್ತಿತ್ತು ಎಂದೆ. ಅವಳು ಅಲ್ಲೇ ಜಗುಲಿಯ ಮೇಲೆ ಬಹಳ ಹೊತ್ತು ಕೂತಿದ್ದಳು. ನಾನೂ ಕೂತಿದ್ದೆ. ಕೆಲಸವಿರಲಿಲ್ಲ. "ಸರಿ ಬುಡಪ್ಪ, ಇನ್ನು ಅವ್ನ್ ಕೋಣೆ ಕಡ್ಲೆಕಾಯಿ ಆಕಕ್ಕೆ ಆಯ್ತದೆ" ಎಂದು ಎದ್ದು ಹೋದಳು.

ಗೊಬ್ಬರ ಸ್ವಲ್ಪ ಜಾಸ್ತಿಯೇ ಆಗುತ್ತಿದೆ. ಇಷ್ಟು ಬೇಕಿರಲಿಲ್ಲ. ಆದರೂ ಬಂದವರನ್ನು ಅಟ್ಟುವುದು ಹೇಗೆ?

22 ಮಾರ್ಚ್, ಭಾನುವಾರ

ಆಯಿತು. ಕಂಪನಿಯಲ್ಲಿ ಇಷ್ಟು ಚೆನ್ನಾಗಿ ಒಂದು ಸಲವೂ ಮಾಡಿರಲಿಲ್ಲ.

ಹುಡುಗನ ಅಪ್ಪ ಮುತ್ತುಸ್ವಾಮಿ ಬೆಳಿಗ್ಗೆಯೇ ಬಂದ. ಒಣಕಲು ಮನುಷ್ಯ, ಅರ್ಧ ತಮಿಳು ಅರ್ಧ ಕನ್ನಡ. ಗೌಡನೂ ದಾಸಪ್ಪನೂ ಪೆರುಮಾಳನೂ ಜಗುಲಿಯ ಮೇಲಿದ್ದರು. ಮುತ್ತುಸ್ವಾಮಿ ಎಲೆ ಅಡಿಕೆ ಮುಟ್ಟದೆ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ.

"ನಾರಪ್ಪಣ್ಣ, ಇದು ಕಾಪ್ಪು ಕಟ್ಟಿರೋ ಕೈ. ನೀವು ಏಳಿದ್ರೆ ಮುಗೀತು, ಇನ್ಯಾರ್ನೂ ಕೇಳಲ್ಲ. ಉಡ್ಗಿ ಎಂಗೆ?"

ಮೊದಲು ನಿಜಗಳನ್ನು ಬಿಟ್ಟೆ. ಅಕ್ಕ ಹದಿನೇಳು ಎಂದಿದ್ದಳಲ್ಲ, ಹುಡುಗಿಗೆ ಹತ್ತೊಂಬತ್ತು ಎಂದೆ. ಬಾಗಿಲ ಹಿಂದೆ ಅಕ್ಕ ಕೆಮ್ಮಿದಳು. ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ಎದುರು ಮಾತಾಡುತ್ತಾಳೆ, ಹಾಡಿದರೆ ಕೇಳಲಾಗುವುದಿಲ್ಲ ಎಂದೆ. ಪೆರುಮಾಳ್ ನಕ್ಕ. ಮುತ್ತುಸ್ವಾಮಿಯ ಹೆಗಲು ಸಡಿಲವಾಯಿತು. ನೆಲ ಹದವಾಗಿತ್ತು.

"ಸಂತೇಲಿ ಯಾರೋ ಅಂದ್ರು, ಅವ್ಳ್ಗೆ ವಲಿಪ್ಪು ಐತೆ, ಬೀಳ್ತಾಳೆ ಅಂತ. ಸತ್ಯಮಾ ಏಳಿ. ಐತಾ?"

"ಇಲ್ಲ. ಒಂದ್ ದಪ ವಲದಲ್ಲಿ ಬಿಸ್ಲಿಗೆ ತಲೆ ತಿರುಗ್ತು, ಅಷ್ಟೇ" ಎಂದೆ. ಬೇಗ ಹೇಳಲಿಲ್ಲ, ತಡವರಿಸಲೂ ಇಲ್ಲ. ಸಾರಿನ ಉಪ್ಪಿನ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದೆ.

ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಂಕಣವನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಯಾರೂ ಕೇಳದಿದ್ದರೂ ಹೇಳಿದ: "ನಂಗೊಬ್ಳು ತಂಗಿ ಇದ್ಲು ಅಣ್ಣ. ಅದೇ ಕಾಯ್ಲೆ. ನೀರು ಸೇದೋಕೆ ವೋದವ್ಳು ಬಾವಿಗೆ ಬಿದ್ದೋದ್ಲು. ನಾನೇ ಇಳ್ದು ಎತ್ತಿದ್ದು. ಆ ಬಾವಿ ಇನ್ನೂ ನಮ್ಮನೆ ಇತ್ಲಲ್ಲೇ ಐತೆ, ದಿನಾ ಅದ್ರಲ್ಲೇ ಸೇದ್ಬೇಕು. ಅದ್ಕೇ ಕೇಳ್ದೆ. ತಪ್ಪು ತಿಳ್ಕಬೇಡಿ."

ಬಾವಿಯ ಸುದ್ದಿಯನ್ನು ಅವನು ತೆಗೆಯಬೇಕಾಗಿರಲಿಲ್ಲ. ಒಪ್ಪಿ ಹೋದ. ಬರುವ ಭಾನುವಾರ ತಾಂಬೂಲ.

ಮಧ್ಯಾಹ್ನ ಊಟ ಸೇರಲಿಲ್ಲ. ಬಿಸಿಲು ಜೋರು.

23 ಮಾರ್ಚ್, ಸೋಮವಾರ

ಅಕ್ಕ ಕುಣಿಯುವುದೊಂದು ಬಾಕಿ. ಹೊಲದ ಮಾತನ್ನು ಹಬ್ಬಿಸಿದ್ದ ಮುನಿಲಕ್ಷ್ಮಮ್ಮ ತಾನಾಗಿ ಬಂದು, "ಕಂಕಣದ್ ಬಾಯಿಂದ ಬಂದ್ಮೇಲೆ ಇನ್ನೇನೈತೆ, ನನ್ ನಾಲ್ಗೆ ಬಿದ್ದೋಗ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಒಂದು ದಿನದಲ್ಲಿ ಇಡೀ ಊರಿನ ಪಾಲಿಗೆ ರಾಜಾತಿಯ ಕಾಯಿಲೆ ವಾಸಿಯಾಗಿಬಿಟ್ಟಿದೆ. ಇಷ್ಟು ಸುಲಭದಲ್ಲಿ ಮೋಸ ಹೋಗುವವರನ್ನು ಮೋಸ ಮಾಡಿ ಏನು ಹೆಚ್ಚುಗಾರಿಕೆ.

ಸಂಜೆಯ ತಾಲೀಮು ಕೆಟ್ಟಿತು. ಏಳನೇ ಕೋಟೆಯಲ್ಲಿ ನನ್ನ ಕುಹಕಾಂಗ ಸುಳ್ಳು ಹೇಳಿ ಮುಗಿಸಿದ ಮೇಲೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ನಾನು ಮಾಡಿದ ಅಷ್ಟು ಪಾತ್ರಗಳನ್ನು ನೆನೆದು ನೋಡಿದೆ. ಸುಳ್ಳು ಹೇಳಿದ ಮರುದಿನ ಖಳ ಏನು ಮಾಡುತ್ತಾನೆ? ಹಲ್ಲುಜ್ಜುತ್ತಾನೆಯೇ? ಕಥೆ ಕಟ್ಟುವ ಸೋಮಾರಿಗಳು ಅವನಿಗೆ ಮರುದಿನವನ್ನೇ ಕೊಟ್ಟಿಲ್ಲ. ಸುಳ್ಳು ಆದ ಕೂಡಲೇ ಯುದ್ಧ, ಯುದ್ಧದಲ್ಲಿ ತಲೆ ಹಾರುತ್ತದೆ. ಪುಣ್ಯವಂತರು.

ಓಮಲೂರಿನ ಕಡೆ ಬಾವಿಗಳಿಗೆ ಕಟ್ಟೆ ಕಟ್ಟುತ್ತಾರೋ ಇಲ್ಲವೋ ಎಂದು ದಾಸಪ್ಪನನ್ನು ಕೇಳಿದೆ. ಕೆಲವಕ್ಕೆ ಐತೆ, ಕೆಲವಕ್ಕೆ ಇಲ್ಲ ಎಂದ. ಇಂಥ ಉತ್ತರ ಕೊಡುವವನ ಹತ್ತಿರ ಕೇಳಿದ್ದು ನನ್ನ ತಪ್ಪು.

25 ಮಾರ್ಚ್, ಬುಧವಾರ

ರಾಜಾತಿ ಹಿಟ್ಟಿನ ಕೈಯಲ್ಲೇ ಬಂದು ಎದುರಿಗೆ ನಿಂತಳು. ಅಕ್ಕ ಸಂತೆಗೆ ಹೋಗಿದ್ದಳು.

"ಮಾವ, ಒಂದ್ ಮಾತು ಕೇಳ್ತೀನಿ. ಕಂಕಣ ಐತೆ, ನೀನು ಸುಳ್ಳೇಳಲ್ಲ. ನಾನು ಬೀಳೋದು ಓಮಲೂರ್ನೋರ್ಗೆ ಗೊತ್ತಾ?"

ಗೊತ್ತು ಅನ್ನಬೇಕಿತ್ತು. ಎರಡಕ್ಷರ. ಊರನ್ನೇ ನಂಬಿಸಿದವನಿಗೆ ಈ ಹುಡುಗಿ ಯಾವ ಲೆಕ್ಕ? ಬಾಯಿ ತೆರೆದೆ. ಗಂಟಲು ಕೈಕೊಟ್ಟಿತು. ಮೂರು ದಿನದಿಂದ ಪೆರುಮಾಳನಿಗೆ ಹಾಡು ಹೇಳಿಕೊಟ್ಟು ಕಟ್ಟಿಕೊಂಡಿತ್ತು. ಒಳ್ಳೆಯ ಸುಳ್ಳಿಗೆ ಗಂಟಲು ನೆಟ್ಟಗಿರಬೇಕು, ಉಸಿರು ಹಿಡಿತದಲ್ಲಿರಬೇಕು. ಇಲ್ಲ ಅನ್ನುವುದಕ್ಕೆ ಅಷ್ಟೇನೂ ಬೇಡ. ಇಲ್ಲ ಎಂದುಬಿಟ್ಟೆ.

ಅವಳು ಅಳಲಿಲ್ಲ. "ಅವ್ರಿಗೆ ಗೊತ್ತಿದ್ದೂ ಒಪ್ಕಂಡವ್ರೆ ಅಂತ ನಾನು ಎಷ್ಟ್ ಸಂತೋಸ ಪಟ್ಕಂಡಿದ್ದೆ ಗೊತ್ತಾ?" ಎಂದಳು. ಬಾವಿಯ ವಿಷಯವೂ ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ಕೇಳಿರಲೇ ಇಲ್ಲ. ಮುದುಕನಾದರೆ ಬಾಯಿಗೆ ಬೀಗ ಇರುವುದಿಲ್ಲ.

ಕೈ ತೊಳೆದುಕೊಂಡು ಹೋಗಿ ಮತ್ತೆ ಬೀಸುವ ಕಲ್ಲಿನ ಮುಂದೆ ಕೂತಳು. ಹಾಡಲಿಲ್ಲ.

29 ಮಾರ್ಚ್, ಭಾನುವಾರ

ತಾಂಬೂಲದ ತಟ್ಟೆ ಇಟ್ಟಿದ್ದರು. ಗೌಡ, ಊರಿನ ಹಿರಿಯರು, ಓಮಲೂರಿನಿಂದ ಒಂದು ಗಾಡಿ ಜನ. ರಾಜಾತಿ ಹೊರಗೆ ಬಂದು ಕಂಬದ ಪಕ್ಕ ನಿಂತಳು. ಹುಡುಗಿ ನಮಸ್ಕಾರಕ್ಕೆ ಬಂದಳೆಂದು ಎಲ್ಲರೂ ಕಾಲು ಮುಂದಕ್ಕೆ ಚಾಚಿಕೊಂಡರು.

ಅವಳು ಮುತ್ತುಸ್ವಾಮಿಯನ್ನು ನೋಡಿ, "ನಂಗೆ ವಲಿಪ್ಪು ಐತೆ. ಚಿಕ್ಕೋಳಾಗಿದ್ದಾಗ್ಲಿಂದ ಐತೆ. ಮೊನ್ನೆ ಒಲೆ ಪಕ್ದಲ್ಲಿ ಬಿದ್ದೆ. ನಿಮ್ಮನೆ ಇತ್ಲಲ್ಲಿ ಬಾವಿ ಐತಂತೆ. ಈಗ ನೀವೇ ಏಳಿ" ಎಂದಳು.

ನಡುಕ ಇರಲಿಲ್ಲ. ಸಾಲು ಸಾಲಿಗೂ ಎಷ್ಟು ಬೇಕೋ ಅಷ್ಟೇ ಉಸಿರು. ಇಪ್ಪತ್ತು ವರ್ಷ ರಂಗದ ಮೇಲಿದ್ದವನಿಗೂ ಅಷ್ಟು ಚೆನ್ನಾಗಿ ನಿಲ್ಲಲು ಬಂದಿರಲಿಲ್ಲ. ಅಕ್ಕ ಒಳಗೆ ಕುಸಿದು ಕೂತಳು.

ಮುತ್ತುಸ್ವಾಮಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಅವಳ ಹತ್ತಿರ ಹೋದ. "ನೀನು ಒಳ್ಳೇವ್ಳು ತಾಯಿ. ಇನ್ನೊಂದು ಸಲ ಬಾವಿಗಿಳ್ಯೋ ಸಕ್ತಿ ನಂಗಿಲ್ಲ" ಎಂದ. ನನ್ನ ಕಡೆ ತಿರುಗಿದ. "ನಿನ್ ಕೈನಾ ಕಣ್ಗೆ ಒತ್ಕಂಡ್ನಲ್ಲೋ" ಎಂದು ನನ್ನ ಕಾಲ ಬುಡದಲ್ಲಿ ಉಗಿದ. ಅಣ್ಣ ಹೋಗಿ ಲೋ ಆಗಿತ್ತು. ಗಾಡಿ ಕಟ್ಟಿದರು.

ಗೌಡ ಕುಡುಗೋಲು ತರಿಸಿ ನನ್ನ ಕಂಕಣ ಕತ್ತರಿಸಿದ. ಕೈ ಮುಟ್ಟಲು ಹೇಸಿ ಕುಡುಗೋಲಿನ ತುದಿಯಲ್ಲೇ ದಾರ ಎತ್ತಿ ಎಳೆದ. "ಅಮ್ಮ ಈ ಊರ್ನ ಸುಮ್ನೆ ಬುಡ್ತಾಳಾ? ಮನೆ ಮನೆ ಮಕ್ಳವೆ, ನಿಂಗೇನ್ಲಾ?" ಎಂದ. ನನಗೆ ಅಮ್ಮನಲ್ಲಿ ನಂಬಿಕೆಯಿಲ್ಲ, ಆದರೂ ಮುನಿಲಕ್ಷ್ಮಮ್ಮನ ಮೊಮ್ಮಗುವಿಗೆ ಮೈ ಬಿಸಿಯಾಗಿದೆ ಎಂದು ಕೇಳಿದಾಗ ಹೋಗಿ ಬಾಗಿಲಲ್ಲಿ ನಿಂತು ವಿಚಾರಿಸಿದೆ. ಹಲ್ಲು ಬರುತ್ತಿದೆಯಂತೆ. ಬಾಗಿಲು ಹಾಕಿಕೊಂಡಳು.

1 ಏಪ್ರಿಲ್, ಬುಧವಾರ

ಯಾರೂ ಮಾತಾಡಿಸುವುದಿಲ್ಲ. ಮಕ್ಕಳು ಸುಳ್ಳಪ್ಪ ಎಂದು ಕೂಗಿ ಓಡುತ್ತಾರೆ. ಹೆಸರು ಕಟ್ಟುವುದರಲ್ಲೂ ಇವರಿಗೆ ಕಲ್ಪನೆ ಸಾಲದು.

ಅಕ್ಕ ಅನ್ನ ಬಡಿಸಿ ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಸುಳ್ಳು ಹೇಳಿದ್ದಕ್ಕೋ, ಸುಳ್ಳು ನಿಲ್ಲದೆ ಹೋದದ್ದಕ್ಕೋ ತಿಳಿಯದು. ಕೇಳುವ ಧೈರ್ಯ ನನಗಿಲ್ಲ.

ಪಾತ್ರ ಮತ್ತೆ ದಾಸಪ್ಪನಿಗೆ. ತಪ್ಪು ಕಾಣಿಕೆ ಹಾಕಿ ಹೊಸ ಕಂಕಣ ಕಟ್ಟಿದ್ದಾರೆ. ಸಂಜೆ ನನ್ನ ಹತ್ತಿರ ಬಂದು ನಿಂತ. ಉಗಿಯಲು ಬಂದನೆಂದುಕೊಂಡೆ.

"ಅಣ್ಣ, ನೀನ್ ಬರ್ದಿರೋ ಮಂತ್ರಿ ನಂಗ್ ಬರಲ್ಲ. ಅವ್ನು ನಿಜ ಏಳಿ ಏಳಿ ಒಂದ್ ಸುಳ್ಳೇಳ್ತಾನಲ್ಲ, ಅದ್ನ ನೆನೆಸ್ಕಂಡ್ರೆ ಭಯ ಆಯ್ತದೆ. ನಾನು ಅಳೇ ಮಂತ್ರಿ ತರಾನೇ ನಗ್ತೀನಿ, ಅಹ್ಹಹ್ಹಾ ಅಂತ. ಬೇಜಾರಿಲ್ವಾ?"

ಇಲ್ಲ ಎಂದೆ. ನಗುವುದೇ ಒಳ್ಳೆಯದು. ಖಳ ಮೊದಲೇ ನಕ್ಕುಬಿಟ್ಟರೆ ಜನ ಎಚ್ಚರವಾಗಿರುತ್ತಾರೆ.

4 ಏಪ್ರಿಲ್, ಶನಿವಾರ

ಇವತ್ತು ಆಟ. ಹೊತ್ತು ಮುಳುಗುವ ಮುಂಚೆಯೇ ಊರೆಲ್ಲ ಗುಡಿಯ ಮುಂದೆ ಸೇರಿದೆ. ಅಕ್ಕನೂ ಹೋದಳು. ರಾಜಾತಿಯನ್ನು ಎಂದೂ ಆಟಕ್ಕೆ ಕರೆದೊಯ್ಯುವುದಿಲ್ಲ. ಜನರ ನಡುವೆ ಬಿದ್ದರೆ ಎಂಬ ಭಯ. ಹುಟ್ಟಿದಾಗಿನಿಂದ ಈ ಹುಡುಗಿ ಮೃದಂಗದ ಸದ್ದನ್ನು ಮನೆಯಲ್ಲಿ ಕೂತೇ ಕೇಳಿದ್ದಾಳೆ. ನಾನು ಹೋಗುವ ಪ್ರಶ್ನೆಯೇ ಇಲ್ಲ.

ಅವಳು ಜಗುಲಿಯ ತುದಿಯಲ್ಲಿ ಬಂದು ಕೂತು ಕೇಳಿದಳು. "ಮಾವ, ನಾನು ಬಿದ್ದಾಗ ಏನಾಯ್ತೀನಿ?"

ಕಂಕಣ ಹೋದವನನ್ನು ಯಾಕೆ ಕೇಳುತ್ತೀ, ನಿಮ್ಮಮ್ಮನನ್ನು ಕೇಳು ಎಂದೆ.

"ಅಮ್ಮ ಏನಿಲ್ಲ ಅಂತಾಳೆ. ಎಲ್ರೂ ಏನಿಲ್ಲ, ನಿದ್ದೆ ಬಂತು ಅಂತಾರೆ. ಎದ್ದ್ ನೋಡಿದ್ರೆ ಒಬ್ರೂ ನನ್ ಮಕ ನೋಡಲ್ಲ. ನೀನೇಳು."

ಹೇಳಿದೆ. ಮೊದಲು ಕಣ್ಣು ಒಂದು ಕಡೆ ನಿಂತುಬಿಡುತ್ತದೆ, ಕೂಗಿದರೂ ತಿರುಗುವುದಿಲ್ಲ. ಒಂದು ಸಲ ಚೀರುತ್ತೀ, ಅದು ನಿನ್ನ ದನಿಯಂತೆ ಇರುವುದಿಲ್ಲ. ಬೀಳುತ್ತೀ. ಕೈಕಾಲು ಕೊರಡಾಗಿ ಆಮೇಲೆ ಅದುರುತ್ತವೆ. ಹಲ್ಲು ಕಚ್ಚಿಕೊಳ್ಳುತ್ತೀ, ಬಾಯಲ್ಲಿ ನೊರೆ ಬರುತ್ತದೆ, ಮೊನ್ನೆ ನಾಲಿಗೆ ಕಡಿದು ಸ್ವಲ್ಪ ರಕ್ತವೂ ಬಂತು. ಸೀರೆ ಒದ್ದೆಯಾಗುತ್ತದೆ. ಅಮ್ಮ ಕೈಗೆ ಬೀಗದ ಕೈ ಹಿಡಿಸುತ್ತಾಳೆ, ಅದರಿಂದ ಏನೂ ಆಗುವುದಿಲ್ಲ. ತಾನಾಗಿಯೇ ನಿಲ್ಲುತ್ತದೆ. ಪಕ್ಕಕ್ಕೆ ಮಲಗಿಸಿದರೆ ಉಸಿರು ಸರಾಗವಾಗುತ್ತದೆ. ಆಮೇಲೆ ಗೊರಕೆ ಹೊಡೆಯುತ್ತೀ, ಜೋರಾಗಿ. ಎದ್ದು ನೀರು ಕೇಳುತ್ತೀ.

ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಇವಳು ಅತ್ತರೆ ಏನು ಮಾಡುವುದೆಂದು ದಿಗಿಲಾಗಿತ್ತು.

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ."

"ಅಷ್ಟೇನಾ?" ಎಂದಳು. ನನ್ನ ಮುಖವನ್ನೇ ನೋಡಿದಳು. "ಅಷ್ಟೇನಾ ಮಾವ? ನಾನು ನನ್ ಮೇಲೆ ಏನೋ ಬರ್ತದೆ, ಕೆಟ್ ಕೆಟ್ ಮಾತಾಡ್ತೀನಿ, ಯಾರ್ನಾರಾ ಕಚ್ಚೋಕ್ ವೋಗ್ತೀನಿ, ಅದ್ಕೇ ಎಲ್ರೂ ಅಂಗೆ ನೋಡ್ತಾರೆ ಅಂದ್ಕಂಡಿದ್ದೆ. ಇಷ್ಟು ವರ್ಸ ಅಂದ್ಕಂಡಿದ್ದೆ."

ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು ಒಳಗೆ ಹೋಗಿ ಹೊಸ ಸೀರೆ ಉಟ್ಟುಕೊಂಡು ಬಂದಳು, ತಾಂಬೂಲಕ್ಕೆಂದು ತಂದದ್ದು. ಆಟಕ್ಕೆ ಹೋಗುತ್ತಾಳಂತೆ. ಬಿದ್ದರೆ ಎಂದೆ.

"ಬಿದ್ರೆ ಬೀಳ್ತೀನಿ. ನೀನು ಪಕ್ಕಕ್ಕೆ ಮಲಗ್ಸು."

ಅವಳು ತಲೆ ಬಾಚಿಕೊಳ್ಳುವುದರಲ್ಲಿ ಇಷ್ಟು ಬರೆದೆ. ಆ ಜನರ ನಡುವೆ ನಾನು ಹೇಗೆ ಹೋಗಿ ಕೂರುವುದೋ ಗೊತ್ತಿಲ್ಲ. ಜಾಗ ಬಿಡುವುದಿಲ್ಲ, ಹಿಂದೆ ನಿಲ್ಲಬೇಕಾದೀತು. ಕೆಟ್ಟ ಆಟ ಬೇರೆ.

"ಬಾ ಮಾವ" ಎಂದು ಬೀದಿಯಿಂದ ಕೂಗುತ್ತಿದ್ದಾಳೆ, "ಸುರುವಾಗೋಯ್ತದೆ."